ಬಾಯ್ಲರಿಗೆ ಬಳಿದ ಬಣ್ಣ

ಸಿಯಾಟಲ್‌ನ ಹಡಗು ಕಾಲುವೆಯ ದಂಡೆಯಲ್ಲಿದ್ದ ಒಂದು ತಗಡಿನ ಶೆಡ್ಡಿಗೆ ನಾನು ಸುಮಾರು ಎರಡು ವರ್ಷ ಶನಿವಾರ ಶನಿವಾರ ಹೋಗಿದ್ದೇನೆ. ಈಗ ನೆನೆದರೆ ಮೊದಲು ಮೂಗಿಗೆ ಬರುವುದು ಅಲ್ಲಿಯ ವಾಸನೆ. ಒದ್ದೆ ಮರದ ಪುಡಿ, ಕೊಳೆತ ಪಾಚಿ, ಬಾತುಕೋಳಿಗಳ ಹಿಕ್ಕೆ, ಯಾರೋ ಅರ್ಧ ಕುಡಿದು ಬಿಟ್ಟ ಮೀನಿನ ಸೂಪು, ಎಲ್ಲದರ ಮೇಲೆ ಒಂದು ಪದರದ ಹಾಗೆ ಕೂತಿದ್ದ ದನದ ಕೊಬ್ಬು. ಹಳೆಯ ಕಾಲದ ಹಡಗನ್ನು ಹಳೆಯ ಕಾಲದ ಹಾಗೆಯೇ ಕಟ್ಟಬೇಕೆಂಬ ಹಟ ಅಲ್ಲಿಯ ಮುದುಕರಿಗೆ. ಪ್ರೊಪೆಲರಿನ ದಂಡ ಹಡಗಿನ ಹೊಟ್ಟೆಯಿಂದ ಹೊರಗೆ ಹೋಗುವ ಜಾಗದಲ್ಲಿ ನೀರು ಒಳಗೆ ಬರದಂತೆ ಸೆಣಬಿನ ಹುರಿ ತುರುಕುತ್ತಾರೆ. ಆ ಹುರಿಗೆ ಕೊಬ್ಬು ಮೆತ್ತುತ್ತಾರೆ. ಮೊದಲ ದಿನವೇ ಆ ಕೆಲಸವನ್ನು ನನ್ನ ಕೈಗೆ ಕೊಟ್ಟರು. ಏನೆಂದು ಕೇಳದೆ ಮೆತ್ತಿದೆ. ಗೊತ್ತಾದ ಮೇಲೆ ಮೂರು ಸಲ ಸೋಪು ಹಾಕಿ ತೊಳೆದರೂ ಜಿಡ್ಡು ಹೋಗಲಿಲ್ಲ. ಮನೆಯ ತನಕ ಸ್ಟೀರಿಂಗನ್ನು ಬೆರಳ ತುದಿಯಲ್ಲಿ ಹಿಡಿದು ಓಡಿಸಿದೆ.

ಆಗ ನಾನು ವಿಮಾನ ಕಟ್ಟುವ ಕಂಪನಿಯೊಂದರಲ್ಲಿ ಇಂಜಿನಿಯರ್ ಆಗಿದ್ದೆ. ರೆಕ್ಕೆಯ ಯಾವ ಭಾಗ ಎಷ್ಟು ಭಾರ ತಡೆಯುತ್ತದೆ, ಎಲ್ಲಿ ಬಿರುಕು ಬಿಡಬಹುದು ಎಂದು ಲೆಕ್ಕ ಹಾಕುವ ಕೆಲಸ. ಗಂಡ ರೆಡ್ಮಂಡಿನ ಸಾಫ್ಟ್‌ವೇರ್ ಕಂಪನಿಯಲ್ಲಿ. ಮನೆ ಸಿಯಾಟಲ್‌ನ ಪಕ್ಕದ ಸರೋವರದ ಆಚೆ ದಂಡೆಯಲ್ಲಿ, ಓವರ್‌ಲೇಕಿನಲ್ಲಿ. ಹತ್ತು ವರ್ಷ ಸ್ಕ್ರೀನಿನ ಮೇಲೆ ರೆಕ್ಕೆ ನೋಡಿದ್ದೆನೇ ಹೊರತು ಒಂದು ಮೊಳೆಯನ್ನೂ ಕೈಯಿಂದ ಹೊಡೆದವಳಲ್ಲ. ನಿವೃತ್ತನಾಗುತ್ತಿದ್ದ ಸಹೋದ್ಯೋಗಿಯೊಬ್ಬ ಈ ಶೆಡ್ಡಿನ ವಿಷಯ ಹೇಳಿದ. ಹಳೆಯ ನಕ್ಷೆ ಓದಿ ಕಂಪ್ಯೂಟರಿಗೆ ಇಳಿಸುವವರು ಅವರಿಗೆ ಬೇಕಾಗಿದ್ದರಂತೆ. ಹೋದೆ.

ಅವರು ಕಟ್ಟುತ್ತಿದ್ದುದು ಒಂದು ಗನ್‌ಬೋಟು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಉಗಿಯಂತ್ರವನ್ನೂ ಹಾಯಿಯನ್ನೂ ಎರಡನ್ನೂ ಇಟ್ಟುಕೊಂಡು, ಒಂದೆರಡು ತೋಪು ಹೊತ್ತು, ದೊಡ್ಡ ಹಡಗುಗಳು ಹೋಗಲಾರದ ನದಿಗಳೊಳಗೆ ನುಗ್ಗುತ್ತಿದ್ದ ಸಣ್ಣ ಯುದ್ಧನೌಕೆ. ಅದರ ಮೂರನೆಯ ಒಂದು ಭಾಗದ ಅಳತೆಯಲ್ಲಿ, ನಲವತ್ತು ಅಡಿ ಉದ್ದದ ದೋಣಿ ಶೆಡ್ಡಿನಲ್ಲಿ ಎದ್ದು ನಿಲ್ಲುತ್ತಿತ್ತು. ನಿಜವಾದ ಬಾಯ್ಲರು, ನಿಜವಾದ ಇಂಜಿನು. ಮುಗಿದ ಮೇಲೆ ಶಾಲೆಯ ಮಕ್ಕಳನ್ನು ಕೂರಿಸಿಕೊಂಡು ಸರೋವರದಲ್ಲಿ ಸುತ್ತು ಹಾಕಿಸುವ ಆಸೆ.

ಗುಂಪಿನ ಯಜಮಾನ ಎಂಬತ್ತರ ಹತ್ತಿರದವನು. ಹಡಗು ಕಾರ್ಖಾನೆಯಲ್ಲಿ ನಕ್ಷೆ ಬರೆದು ನಿವೃತ್ತನಾದವನು. ನಾನು ಮನಸ್ಸಿನಲ್ಲಿ ಅವನನ್ನು ನಕ್ಷೆಯ ಮುದುಕ ಎಂದೇ ಕರೆಯುತ್ತಿದ್ದೆ. ಅವನು ಮೇಜಿನ ಮೇಲೆ ಹಾಳೆ ಹರಡಿ ನಕ್ಷೆ ಓದುವುದನ್ನು ಕಲಿಸಿದ. ಹಡಗನ್ನು ಉದ್ದಕ್ಕೆ ಸೀಳಿದರೆ ಹೀಗೆ, ಅಡ್ಡಕ್ಕೆ ಸೀಳಿದರೆ ಹೀಗೆ. ಒಳಗೆ ಕಬ್ಬಿಣದ ಪಕ್ಕೆಲುಬು, ಅದರ ಮೇಲೆ ಎರಡು ಪದರ ತೇಗದ ಹಲಗೆ, ನೀರಿನೊಳಗಿನ ಭಾಗಕ್ಕೆಲ್ಲ ಪಾಚಿ ಕಟ್ಟದಂತೆ ತಾಮ್ರದ ತಗಡು. ಉಪ್ಪುನೀರಿನಲ್ಲಿ ತಾಮ್ರ ತಾಗಿದ ಕಬ್ಬಿಣ ಬೇಗ ತುಕ್ಕು ಹಿಡಿದು ಸವೆಯುತ್ತದೆ. ಅದಕ್ಕೇ ಎರಡು ಪದರ ಮರ. ಹೊರಪದರದ ಬೋಲ್ಟು ಒಳಗಿನ ಕಬ್ಬಿಣವನ್ನು ಮುಟ್ಟುವುದೇ ಇಲ್ಲ. ಆ ಬುದ್ಧಿವಂತಿಕೆಗೆ ನಾನು ಮರುಳಾದೆ. ಒಂದು ಚಳಿಗಾಲ ಪೂರ್ತಿ ಪಕ್ಕೆಲುಬುಗಳ ವಕ್ರರೇಖೆಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಇಳಿಸಿದೆ.

ಬಾಯ್ಲರು ಕೂರುವ ಜಾಗದ ನಕ್ಷೆ ಬಂದಾಗ ಮೊದಲ ಸಲ ಕಸಿವಿಸಿಯಾಯಿತು. ಬೆಂಕಿಗೆ ಕಲ್ಲಿದ್ದಲು ಎರಚುವ ಫೈರ್‌ಮನ್ ನಿಲ್ಲುವ ಜಾಗ ಅಳೆದೆ. ತಪ್ಪಿರಬೇಕೆಂದು ಮತ್ತೆ ಅಳೆದೆ.

"ಅಸಲಿ ಹಡಗಿನಲ್ಲೂ ಇಲ್ಲಿ ಮನುಷ್ಯ ನೆಟ್ಟಗೆ ನಿಲ್ಲೋಕೆ ಆಗಲ್ವಲ್ಲ?" ಎಂದು ಕೇಳಿದೆ.

"ನಿಲ್ಲುತ್ತಿರಲಿಲ್ಲ," ಎಂದ ಮುದುಕ ಖುಷಿಯಿಂದ. "ಬಾಯ್ಲರು ನೀರಿನ ಮಟ್ಟದ ಕೆಳಗೇ ಇರಬೇಕು, ಶತ್ರುವಿನ ಗುಂಡು ತಾಗಬಾರದು. ಎರಡೂ ಪಕ್ಕ ಕಲ್ಲಿದ್ದಲಿನ ಕೋಣೆ. ಗುಂಡು ಬಂದರೆ ಕಲ್ಲಿದ್ದಲು ತಡೆಯುತ್ತೆ. ಮನುಷ್ಯ ಬಗ್ಗಿ ಕೆಲಸ ಮಾಡುತ್ತಾನೆ. ಎಷ್ಟು ಚೊಕ್ಕ ವಿನ್ಯಾಸ ನೋಡು."

ಮೇಲೆ ಅಧಿಕಾರಿಯ ಕೋಣೆಯಲ್ಲಿ ಪುಸ್ತಕದ ಕಪಾಟಿಗೂ ಜಾಗ ಬಿಟ್ಟಿದ್ದರು. ಇಂಥ ದೋಣಿಗಳು ನದಿ ಹತ್ತಿ ಹೋಗಿ ಏನು ಮಾಡುತ್ತಿದ್ದವು, ದಂಡೆಯ ಹಳ್ಳಿಗಳ ಮೇಲೆ ಯಾಕೆ ಗುಂಡು ಹಾರಿಸುತ್ತಿದ್ದವು ಎಂಬ ಮಾತು ಶೆಡ್ಡಿನಲ್ಲಿ ಏಳುತ್ತಲೇ ಇರಲಿಲ್ಲ. ಎಲ್ಲರಿಗೂ ಅದು "ಮುದ್ದಾದ ದೋಣಿ." ಆ ಮುದ್ದು ಕೇಳಿದಾಗಲೆಲ್ಲ ನನಗೆ ಕೊಬ್ಬಿನ ಜಿಡ್ಡು ಮತ್ತೆ ಬೆರಳಿಗೆ ಹತ್ತಿದಂತಾಗುತ್ತಿತ್ತು. ಆದರೂ ಹೋಗುವುದನ್ನು ಬಿಡಲಿಲ್ಲ. ನಾನು ಎಳೆದ ಗೆರೆ ಕಬ್ಬಿಣವಾಗಿ ಬಾಗುವುದನ್ನು ನೋಡುವ ಚಟ ಹತ್ತಿತ್ತು.

ಮೋಸ ಶುರುವಾದದ್ದು ರಿವೆಟ್ಟಿನಿಂದ. ಕಬ್ಬಿಣದ ರಿವೆಟ್ಟನ್ನು ಕೆಂಪಗೆ ಕಾಯಿಸಿ, ತೂತಿಗೆ ತೂರಿಸಿ, ಎರಡು ಕಡೆಯಿಂದ ಬಡಿದು ತಲೆ ಕಟ್ಟುವುದು ರಟ್ಟೆ ಬೀಳುವ ಕೆಲಸ. ಆರು ಪಕ್ಕೆಲುಬು ಮುಗಿಯುವಷ್ಟರಲ್ಲಿ ಮುದುಕರು ಸೋತರು. ಉಳಿದದ್ದನ್ನೆಲ್ಲ ವೆಲ್ಡ್ ಮಾಡಿ, ಮೇಲೆ ಪ್ಲಾಸ್ಟಿಕ್ಕಿನ ಅರ್ಧಗುಂಡುಗಳನ್ನು ಸಾಲಾಗಿ ಅಂಟಿಸಿದರು. "ನೋಡುವವರಿಗೆ ಗೊತ್ತಾಗಲ್ಲ ಬಿಡಿ," ಎಂದವನು ಗುಂಪಿನಲ್ಲಿ ಬಾಯ್ಲರಿನ ಹೊಣೆ ಹೊತ್ತವನು; ನನ್ನ ಮನಸ್ಸಿನಲ್ಲಿ ಅವನು ಬಾಯ್ಲರಿನವನು. ಕಟ್ಟಡದ ಗುತ್ತಿಗೆ ಮಾಡಿ ನಿವೃತ್ತನಾದ ದೊಡ್ಡ ದನಿಯ ಆಸಾಮಿ. ಬಂದವರ ಬೆನ್ನು ತಟ್ಟುವವನು, ಎಲ್ಲರಿಗೂ ಡೋನಟ್ ತರುವವನು. ನಾನೂ ಆ ಗುಂಡುಗಳನ್ನು ಅಂಟಿಸಿದೆ.

ಬಾಯ್ಲರು ತಂದವನೂ ಅವನೇ. ಎಲ್ಲೋ ಹಳೆಯ ಉಗಿದೋಣಿಯೊಂದನ್ನು ಒಡೆಯುವಾಗ ಸಿಕ್ಕಿತಂತೆ. ಉದ್ದಕ್ಕೆ ಮಲಗಿದ ಸಿಲಿಂಡರು, ಹಳೆಯ ರೈಲು ಇಂಜಿನಿನ ಬಾಯ್ಲರಿನ ಚಿಕ್ಕ ತಮ್ಮನಂತೆ ಇತ್ತು. ಅದಕ್ಕೆ ಶಾಖ ತಾಳುವ ಕಪ್ಪು ಬಣ್ಣ ಬಳಿಯುವ ಕೆಲಸ ನನ್ನ ಪಾಲಿಗೆ ಬಂತು. ಬಳಿಯುವಾಗ ಬಾಯ್ಲರಿನ ಪಕ್ಕೆಯ ತಗಡಿನ ಮೇಲೆ ಸಾಲು ಸಾಲಾಗಿ ಬೂದಿ ಬಣ್ಣದ ಚುಕ್ಕಿಗಳು ಕಂಡವು. ಏನೋ ತೇಪೆ ಇರಬೇಕು ಅಂದುಕೊಂಡೆ. ಎರಡು ಕೋಟು ಬಳಿದ ಮೇಲೆ ಕಾಣಲಿಲ್ಲ.

ಆ ಬೇಸಿಗೆಗೆ ಅಪ್ಪ ಆರು ತಿಂಗಳ ವೀಸಾದ ಮೇಲೆ ಬಂದರು. ಅವ್ವ ತಂಗಿಯ ಬಾಣಂತನಕ್ಕೆ ಊರಲ್ಲೇ ಉಳಿದಿದ್ದಳು. ಅಪ್ಪ ಉತ್ತರ ಕರ್ನಾಟಕದ ಒಂದು ಊರಿನ ಹತ್ತಿ ಗಿರಣಿಯಲ್ಲಿ ಮೂವತ್ತೆಂಟು ವರ್ಷ ಬಾಯ್ಲರ್ ಮೇಸ್ತ್ರಿಯಾಗಿದ್ದವರು. ಗಿರಣಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಓವರ್‌ಲೇಕಿನ ಮನೆಯಲ್ಲಿ ಅವರಿಗೆ ಹೊತ್ತೇ ಹೋಗುತ್ತಿರಲಿಲ್ಲ. ಡಿಶ್‌ವಾಷರ್ ತಿರುಗುವ ಸದ್ದಿಗೆ ಕಿವಿ ಕೊಟ್ಟು ಕೂರುತ್ತಿದ್ದರು. ಬಾಯ್ಲರು ತೋರಿಸುತ್ತೇನೆ ಎಂದಾಗ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬೆಳಗಿನ ಏಳಕ್ಕೇ ಸೋಫಾದ ಮೇಲೆ ಕೂತಿದ್ದರು.

ಶೆಡ್ಡಿನಲ್ಲಿ ಅವರಿಗೆ ಮರ್ಯಾದೆಯೋ ಮರ್ಯಾದೆ. ಕುರ್ಚಿ ಬಂತು, ಕಾಫಿ ಬಂತು, ಮಾತಿಗೊಮ್ಮೆ ಸರ್ ಬಂತು. ಅವರಲ್ಲಿ ಯಾರೂ ನಿಜವಾದ ಬಾಯ್ಲರಿನ ಮುಂದೆ ಒಂದು ದಿನ ದುಡಿದವರಲ್ಲ. ಕೊಬ್ಬಿನ ಡಬ್ಬಿ ನೋಡಿ ಅಪ್ಪ ಏನೆಂದು ಕೇಳಿದರು. ಹೇಳಿದೆ. ಮುಖ ಕಿವುಚಿ, ಮುಟ್ಟದಿದ್ದರೂ ನಲ್ಲಿಗೆ ಹೋಗಿ ಕೈ ತೊಳೆದು ಬಂದರು. "ಶಿವ ಶಿವಾ. ನಾವು ಔಡಲೆಣ್ಣಿ ಹಾಕತಿದ್ವಿ," ಎಂದರು.

ಆಮೇಲೆ ಒಂದು ಸಣ್ಣ ಸುತ್ತಿಗೆ ಕೇಳಿ ಪಡೆದು ಬಾಯ್ಲರಿನ ಪಕ್ಕ ಮಂಡಿಯೂರಿದರು. ಬಾಯ್ಲರಿನ ಒಳಗೆ ಬೆಂಕಿಯ ಗೂಡು, ಅದರ ಸುತ್ತ ನೀರು, ಹೊರಗೆ ಇನ್ನೊಂದು ಗೋಡೆ. ಉಗಿಯ ಒತ್ತಡಕ್ಕೆ ಎರಡು ಗೋಡೆ ಬಿಟ್ಟುಕೊಳ್ಳದಂತೆ ನಡುವೆ ಒತ್ತೊತ್ತಾಗಿ ಸಣ್ಣ ಸರಳುಗಳನ್ನು ಕೊಟ್ಟಿರುತ್ತಾರೆ. ಅವಕ್ಕೆ ಸ್ಟೇ ಎಂದು ಹೆಸರು. ಸ್ಟೇ ಒಳಗೇ ಮುರಿದರೆ ಹೊರಗೆ ಕಾಣುವುದಿಲ್ಲ. ಅದಕ್ಕೇ ಪ್ರತಿಯೊಂದರ ತುದಿಯಲ್ಲಿ ಕಡ್ಡಿ ಗಾತ್ರದ ತೂತು ಕೊರೆದಿರುತ್ತಾರೆ. ಮುರಿದರೆ ಆ ತೂತಿನಿಂದ ನೀರು ಒಸರಿ ಹೇಳಿಬಿಡುತ್ತದೆ. ಇದೆಲ್ಲ ನನಗೆ ಗೊತ್ತಾದದ್ದು ಆವತ್ತು, ಅಪ್ಪನ ಬಾಯಿಂದ.

ಸುತ್ತಿಗೆ ಟಣ್ ಟಣ್ ಎನ್ನುತ್ತ ಹೋಯಿತು. ಒಂದು ಕಡೆ ಡಬ್ ಎಂದಿತು. ಅಪ್ಪ ನಿಂತರು. ಹೆಬ್ಬೆರಳ ಉಗುರಿನಿಂದ ನನ್ನ ಕಪ್ಪು ಬಣ್ಣ ಕೆರೆದರು. ಕೆಳಗೆ ತೂತು ಮುಚ್ಚಲು ಮೆತ್ತುವ ಬೂದಿ ಬಣ್ಣದ ಪುಟ್ಟಿ.

"ಇದು ಸತ್ತೈತಿ," ಎಂದರು ಮೆಲ್ಲಗೆ. ಮುಂದೆ ಬಡಿದರು. "ಇದೂ ಸತ್ತೈತಿ. ತೂತಿಗೆ ಪುಟ್ಟಿ ತುಂಬ್ಯಾರ, ಮ್ಯಾಲ ಬಣ್ಣಾ ಬಳದಾರ."

"ಎಷ್ಟ ಅದಾವಪ್ಪಾ ಇಂಥಾವು?"

"ಈ ಬಾಜೂಕ ನಾಕೈದು. ಆ ಬಾಜೂ ಇನ್ನೂ ನೋಡಿಲ್ಲ. ಇದಕ್ಕ ಬೆಂಕಿ ಹಾಕೂ ಹಂಗಿಲ್ಲ."

ಅಷ್ಟರಲ್ಲಿ ಎಲ್ಲರೂ ಸುತ್ತ ನೆರೆದಿದ್ದರು. "ಏನು ಹೇಳ್ತಿದ್ದಾರೆ ಸರ್?" ಎಂದ ಬಾಯ್ಲರಿನವನು. ಅಪ್ಪ ಎದ್ದು ನಿಂತು ಪ್ಯಾಂಟಿನ ಧೂಳು ಕೊಡವಿಕೊಂಡರು.

"ಛಲೋ ಐತಿ ಅಂತ ಹೇಳು," ಎಂದರು ನನಗೆ.

"ಏನು?"

"ಛಲೋ ಐತಿ ಅಂತ ಹೇಳಬೇ. ದೊಡ್ಡ ಮಂದಿ, ಕುರ್ಚಿ ಕೊಟ್ಟು ಕುಂದರಿಸ್ಯಾರ. ನಮಗ್ಯಾಕ ಬೇಕು?"

ನಾನು ನೆರೆದವರ ಕಡೆ ತಿರುಗಿ ಇಂಗ್ಲಿಷಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಾಲ್ಕೈದು ಸ್ಟೇ ಮುರಿದಿವೆ, ತೂತುಗಳನ್ನು ಮುಚ್ಚಿದ್ದಾರೆ, ಇದಕ್ಕೆ ಬೆಂಕಿ ಹಾಕಬಾರದು ಎಂದು ನಮ್ಮ ತಂದೆ ಹೇಳುತ್ತಿದ್ದಾರೆ ಅಂದೆ.

ಅಪ್ಪನಿಗೆ ಅಷ್ಟು ಇಂಗ್ಲಿಷ್ ಅರ್ಥವಾಗುತ್ತಿತ್ತು. "ನೋ, ನೋ," ಎಂದು ಎರಡೂ ಕೈ ಅಲ್ಲಾಡಿಸಿದರು. "ಗುಡ್. ವೆರಿ ಗುಡ್ ಬಾಯ್ಲರ್. ಡಾಟರ್ ನಾಟ್ ನೋ."

ಬಾಯ್ಲರಿನವನು ಗಹಗಹಿಸಿ ನಕ್ಕು ಅಪ್ಪನನ್ನು ತಬ್ಬಿಕೊಂಡ. "ಕೇಳಿದ್ರಾ? ಮೂವತ್ತೆಂಟು ವರ್ಷದ ಅನುಭವ ಮಾತಾಡ್ತಿದೆ!" ಎಲ್ಲರೂ ಚಪ್ಪಾಳೆ ತಟ್ಟಿದರು. ನಕ್ಷೆಯ ಮುದುಕ ಮಾತ್ರ ನನ್ನ ಮುಖ ನೋಡಿದ, ಕೆರೆದ ಜಾಗ ನೋಡಿದ, ಆಮೇಲೆ ಅವನೂ ತಟ್ಟಿದ. ಅಪ್ಪನ ಫೋಟೋ ತೆಗೆದರು. ಅಪ್ಪ ಸುತ್ತಿಗೆ ಹಿಡಿದು ನಿಂತು ನಕ್ಕರು. ಆ ನಗು ನೋಡಲಾರದೆ ನಾನು ಹೊರಗೆ ಬಂದು ಬಾತುಕೋಳಿಗಳ ಹಿಕ್ಕೆಯ ನಡುವೆ ನಿಂತೆ.

ವಾಪಸು ಬರುವಾಗ ಸರೋವರ ದಾಟಿಸುವ ತೇಲುವ ಸೇತುವೆಯ ಮೇಲೆ ಟ್ರಾಫಿಕ್ ನಿಂತಿತ್ತು.

"ಆ ದೋಣ್ಯಾಗ ಸಾಲಿ ಹುಡುಗೂರು ಕುಂದರತಾವಪ್ಪಾ," ಎಂದೆ. "ನಿಮಗ ಹೇಸಿಗಿ ಅನ್ನಸಲಿಲ್ಲೇನು?"

"ಹೇಸಿಗಿ ಪಟ್ಟಕೊಂಡಿದ್ರ ನಿನ್ನ ಕಾಲೇಜು ಆಗತಿತ್ತೇನು?" ಎಂದರು. "ಗಿರಣ್ಯಾಗ ಇನಸ್ಪೆಕ್ಟರ್ ಬರೋ ಹಿಂದಿನ ದಿನಾ ನಾವೂ ತೂತಿಗೆ ಸಾಬೂನು ಬಡಿತಿದ್ವಿ. ಮಾಲಕರು ಹೇಳತಿದ್ರು, ನಾವು ಮಾಡತಿದ್ವಿ. ಯಾರೂ ಸತ್ತಿಲ್ಲ." ಸ್ವಲ್ಪ ತಡೆದು, "ಆ ಬಣ್ಣಾ ಯಾರು ಬಳದದ್ದು?" ಎಂದು ಕೇಳಿದರು.

"ನಾನ."

"ಪುಟ್ಟಿ ಕಾಣಲಿಲ್ಲೇನು?"

"ಕಂಡಿತ್ತು. ಕೇಳಲಿಲ್ಲ."

"ಮತ್ತ?" ಎಂದರು.

ಯಾರೂ ಸತ್ತಿಲ್ಲ ಎಂಬ ಮಾತು ನನ್ನೊಳಗೆ ಕೊಕ್ಕೆಯ ಹಾಗೆ ಸಿಕ್ಕಿಕೊಂಡಿತ್ತು. ನಾನು ಸಣ್ಣವಳಿದ್ದಾಗ ಗಿರಣಿಯ ಫೈರ್‌ಮನ್ ಒಬ್ಬ ದೀಪಾವಳಿಗೆ ನಮ್ಮ ಮನೆಗೆ ಬರುತ್ತಿದ್ದ. ಮುಖದ ಒಂದು ಪಕ್ಕ, ಎರಡೂ ಮುಂಗೈ ಬೆಂದು ಹೊಳೆಯುತ್ತಿದ್ದವು, ಸಿಪ್ಪೆ ಸುಲಿದ ಬಟಾಟೆಯ ಹಾಗೆ. ಒಂದು ಸಲ ಅವನು ನನಗೆ ಬತ್ತಾಸು ಕೊಡಲು ಕೈ ಚಾಚಿದಾಗ ನಾನು ಅಸಹ್ಯಪಟ್ಟು ಚೀರಿ ಒಳಗೆ ಓಡಿದ್ದೆ. ಅವ್ವ ಬೈದಿದ್ದಳು. ಅಂವಾ ಶೆರೆ ಕುಡದು ಬೆಂಕಿ ಮ್ಯಾಲ ಬಿದ್ದಾನ ಅಂತ ಅಪ್ಪ ಹೇಳಿದ್ದರು.

"ಆ ಫೈರ್‌ಮನ್ ಖರೇನ ಕುಡದು ಬಿದ್ದಿದ್ದನೇನಪ್ಪಾ?" ಎಂದು ಕೇಳಿದೆ.

ಅಪ್ಪ ಕಿಟಕಿಯ ಆಚೆ ಸರೋವರ ನೋಡುತ್ತ ಕೂತರು.

ಗಂಡನಿಗೆ ಎಲ್ಲ ಹೇಳಿದೆ. ಅವನು ಮೈಸೂರಿನ ಕಡೆಯವನು, ಜಗಳ ಅಂದರೆ ದೂರ. "ಬಿಡೇ, ನಿನಗ್ಯಾಕೆ ಈ ತಲೆನೋವು? ಏನಾದ್ರೂ ಆದ್ರೆ ಅವರ ಲಯಬಿಲಿಟಿ. ನೀನು ಹೋಗೋದು ಸ್ಟಾಪ್ ಮಾಡು, ಅಷ್ಟೆ. ಮಾವನವರಿಗೂ ಬೇಜಾರಾಗುತ್ತೆ," ಎಂದ.

"ಬಣ್ಣ ಬಳಿದಿದ್ದು ನಾನು ಕಣೋ," ಎಂದೆ.

ಮರುದಿನ ಬೆಳಿಗ್ಗೆ ರಾಜ್ಯ ಸರ್ಕಾರದ ಬಾಯ್ಲರ್ ತನಿಖೆಯ ಕಚೇರಿಗೆ ನನ್ನ ಹೆಸರು ಹಾಕಿಯೇ ಪತ್ರ ಬರೆದೆ. ಅಪ್ಪನಿಗೂ ತಿಳಿಸಿದೆ. ಅವರು ನನ್ನ ಜೊತೆ ಮಾತು ಬಿಟ್ಟರು. ಊಟಕ್ಕೆ ಕರೆದರೆ ಬರುತ್ತಿದ್ದರು, ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದರು. ಉಪ್ಪು ಬೇಕಾದರೆ ಅಳಿಯನನ್ನು ಕೇಳುತ್ತಿದ್ದರು.

ತನಿಖೆಗೆ ಬಂದವನು ಮಿತಭಾಷಿ. ನಾನು ರಜೆ ಹಾಕಿ ಹೋಗಿದ್ದೆ. ಅವನೂ ಅಪ್ಪನ ಹಾಗೆಯೇ ಮಂಡಿಯೂರಿ ಬಡಿದ. ಚೂಪಾದ ತಂತಿಯಿಂದ ಪುಟ್ಟಿ ಕೆದರಿ ತೆಗೆದ. ಆಮೇಲೆ ಬಾಯ್ಲರಿಗೆ ತಣ್ಣೀರು ತುಂಬಿಸಿ ಕೈಪಂಪಿನಿಂದ ಒತ್ತಡ ಏರಿಸಿದ. ಮೊದಲು ಒಂದು ತೂತಿನಲ್ಲಿ ಬೆವರಿನಂತೆ ಹನಿ ಕಟ್ಟಿತು. ಆಮೇಲೆ ಇನ್ನೊಂದರಲ್ಲಿ. ನೋಡನೋಡುತ್ತ ಎರಡೂ ಪಕ್ಕದಿಂದ ತುಕ್ಕು ಬೆರೆತ ಕಂದು ನೀರು ಸಣ್ಣ ಎಳೆಗಳಾಗಿ ಚಿಮ್ಮಿ ನನ್ನ ಕಪ್ಪು ಬಣ್ಣದ ಮೇಲೆ ಇಳಿಯಿತು. ಕೀವು ಸೋರುವುದನ್ನು ನೋಡಿದಂತಾಯಿತು. "ನಾನು ತಂದಾಗಲೇ ಹೀಗಿತ್ತು," ಎಂದ ಬಾಯ್ಲರಿನವನು. ಇದ್ದರೂ ಇರಬಹುದು. ಪುಟ್ಟಿ ತುಂಬಿದವರು ಯಾರೆಂದು ಕೊನೆಗೂ ಗೊತ್ತಾಗಲಿಲ್ಲ. ತನಿಖೆಯವನು ಬೆಂಕಿ ಹಾಕಕೂಡದೆಂದು ಕೆಂಪು ಚೀಟಿ ಕಟ್ಟಿ ಹೋದ. ಅವನ ಕಾರು ಹೋದ ಮೇಲೆ ಯಾರೂ ನನ್ನನ್ನು ಬೈಯಲಿಲ್ಲ. ಡೋನಟ್ ಪೆಟ್ಟಿಗೆ ಒಬ್ಬರಿಂದೊಬ್ಬರಿಗೆ ಹೋಯಿತು, ನನ್ನನ್ನು ದಾಟಿಕೊಂಡು ಹೋಯಿತು.

ಆ ಸುದ್ದಿಯನ್ನು ಅಪ್ಪನ ಮುಂದೆ ಗಂಡನಿಗೆ ಹೇಳಿದೆ, ಅವರು ಕೇಳಲಿ ಎಂದೇ. ಎರಡು ದಿನದ ಮೇಲೆ ಬೆಳಿಗ್ಗೆ ಅಡುಗೆಮನೆಗೆ ಬಂದರೆ ಅಪ್ಪ ತಾವೇ ಚಹಾ ಮಾಡಿ ಎರಡು ಕಪ್ಪಿಗೆ ಬಗ್ಗಿಸಿಟ್ಟಿದ್ದರು.

"ಅಂವಾ ಕುಡದಿರಲಿಲ್ಲ," ಎಂದರು.

ನಾನು ಕುರ್ಚಿ ಎಳೆದು ಎದುರಿಗೆ ಕೂತೆ.

"ಅವತ್ತು ನೀರು ಒಸರಾಕತ್ತಿತ್ತು. ಅಂವನ ಬಂದು ನನಗ ಹೇಳಿದಾ, ಮೇಸ್ತ್ರಿ, ಬೆಂಕಿ ಆರಸೂಣು ಅಂತ. ಪಾಳಿ ಮುಗೀಲಿ, ಕಡ್ಡಿ ಬಡದು ಮುಚ್ಚು ಅಂದೆ ನಾನು. ಬಡಿಲಿಕ್ಕೆ ಹೋಗಿದ್ದಾ, ಅಷ್ಟರಾಗ ತಗಡು ಬಿಟ್ಟಗೊಂಡು ಉಗಿ ಮಾರಿಗೆ ಹೊಡೀತು. ಕುಡದಿದ್ದಾ ಅಂತ ಬರಕೊಟ್ಟವನೂ ನಾನ."

ಇಂಥ ಹೊತ್ತಿನಲ್ಲಿ ಮಗಳಾದವಳು ಹೆಗಲ ಮೇಲೆ ಕೈ ಇಡಬೇಕು. ನನಗೆ ಆಗಲಿಲ್ಲ. ಆ ಕೈಗಳನ್ನೇ ನೋಡುತ್ತಿದ್ದೆ: ನನ್ನನ್ನು ಎತ್ತಿ ಆಡಿಸಿದ ಕೈ, ಹಾಗೆ ಬರೆದುಕೊಟ್ಟ ಕೈ. ಬತ್ತಾಸು ಚಾಚಿದವನಿಂದ ಓಡಿಹೋದ ನನ್ನ ಮೇಲೂ ಅಷ್ಟೇ ಅಸಹ್ಯ. ಅವರು ಮಾಡಿದ ಚಹಾ ಕುಡಿದೆ. ಅದು ಮಾತ್ರ ಮಾಡಿದೆ.

"ಅಂವನ ಮನಿಯವ್ರು ಈಗ ಎಲ್ಲಿದಾರ?" ಎಂದು ಕೇಳಿದೆ.

"ಗೊತ್ತಿಲ್ಲ. ಕೇಳೇ ಇಲ್ಲ," ಎಂದರು.

ಬೇಸಿಗೆ ಮುಗಿಯುವ ಮೊದಲು ದೋಣಿಯನ್ನು ನೀರಿಗೆ ಇಳಿಸಿದರು. ಅಪ್ಪನಿಗೂ ಆಹ್ವಾನ ಬಂದಿತ್ತು. ಅವರು ಮೊಣಕಾಲು ನೋವೆಂದು ಉಳಿದರು. ನಾನು ಒಬ್ಬಳೇ ಹೋದೆ, ನಾನು ಗೆರೆ ಎಳೆದ ಪಕ್ಕೆಲುಬು ನೀರಿನ ಮೇಲೆ ಹೇಗೆ ಕೂರುತ್ತದೆ ಎಂದು ನೋಡಲು. ಕೂತಿತು, ಚೆನ್ನಾಗಿಯೇ ಕೂತಿತು. ಸ್ವಲ್ಪವೂ ವಾಲಲಿಲ್ಲ. ಒಂದು ನಿಮಿಷ ಕಣ್ಣು ತುಂಬಿಕೊಂಡಿತು.

ಅಷ್ಟರಲ್ಲಿ ಚಿಮಣಿಯಿಂದ ಹೊಗೆ ಬಂತು. ಬೆಳ್ಳಗೆ, ಸಿಹಿ ಸಿಹಿ ವಾಸನೆಯ ಹೊಗೆ. ಮದುವೆ ಹಾಲಿನಲ್ಲಿ, ನಾಟಕದ ಸ್ಟೇಜಿನಲ್ಲಿ ಬಿಡುತ್ತಾರಲ್ಲ, ಆ ಯಂತ್ರವನ್ನು ಚಿಮಣಿಯ ಬುಡದಲ್ಲಿ ಇಟ್ಟಿದ್ದರು. ಕೆಳಗೆ ಬ್ಯಾಟರಿ, ಎಲೆಕ್ಟ್ರಿಕ್ ಮೋಟಾರು. ಉಗಿ ಇಂಜಿನಿನ ಚುಕುಬುಕು ಒಂದು ಸ್ಪೀಕರಿನಿಂದ ಬರುತ್ತಿತ್ತು. ಕೆಂಪು ಚೀಟಿ ಬಿಚ್ಚಿದ ಸತ್ತ ಬಾಯ್ಲರನ್ನು ಮತ್ತೊಮ್ಮೆ ಬಣ್ಣ ಬಳಿದು ತೋರಿಕೆಗೆ ಕೂರಿಸಿದ್ದರು. ಮಕ್ಕಳು ಸಿಹಿ ಹೊಗೆಗೆ ಕೆಮ್ಮುತ್ತ ಕೈಬೀಸಿದರು. ದಂಡೆಯ ಮೇಲೆ ನಿಂತವರು ಎಷ್ಟು ಸೊಗಸು ಎಂದರು. ನಾನು ಮೂಗು ಮುಚ್ಚಿಕೊಂಡೆ.

ನಕ್ಷೆಯ ಮುದುಕ ಬಂದು ಪಕ್ಕ ನಿಂತ. "ನೀನು ಹೇಳಿದ್ದು ಸರಿಯಾಗಿತ್ತು," ಎಂದ. "ಆದರೆ ನಮ್ಮ ನಮ್ಮಲ್ಲೇ ಹೇಳಬಹುದಿತ್ತು."

"ನಿಮ್ಮ ಮುಂದೆಯೇ ಹೇಳಿದೆನಲ್ಲ."

"ನಿಮ್ಮ ತಂದೆ ಬೇರೆ ಹೇಳಿದರು," ಎಂದ.

ಹೊರಡುವಾಗ ದಾರಿಯಲ್ಲಿ ಪ್ರದರ್ಶನದ ಹಲಗೆ ಕಂಡಿತು. ದೋಣಿ ಕಟ್ಟಿದ ಫೋಟೋಗಳು. ನಡುವೆ ಅಪ್ಪ, ಸುತ್ತಿಗೆ ಹಿಡಿದು ನಗುತ್ತ. ಕೆಳಗೆ, ಭಾರತದ ಅನುಭವಿ ಬಾಯ್ಲರ್ ತಜ್ಞರು ನಮ್ಮ ಬಾಯ್ಲರನ್ನು ಪರೀಕ್ಷಿಸುತ್ತಿರುವುದು ಎಂದು ಬರೆದಿತ್ತು. ನಾನು ಪಿನ್ನು ಕಿತ್ತು ಫೋಟೋ ತೆಗೆದು ಬ್ಯಾಗಿಗೆ ಹಾಕಿಕೊಂಡೆ. ಯಾರೂ ತಡೆಯಲಿಲ್ಲ.

ಹರಿದು ಹಾಕಬೇಕೆಂದಿದ್ದೆ. ಆದರೆ ಬ್ಯಾಗು ಖಾಲಿ ಮಾಡುವಾಗ ಅಪ್ಪ ನೋಡಿಬಿಟ್ಟರು. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಛಲೋ ಬಂದೈತಿ," ಎಂದು ತಮ್ಮ ಸೂಟ್‌ಕೇಸಿನಲ್ಲಿ ಪಂಚೆಯ ಮಡಿಕೆಯ ನಡುವೆ ಇಟ್ಟುಕೊಂಡರು.

ನಾನು ಮತ್ತೆ ಆ ಶೆಡ್ಡಿನ ಕಡೆ ಹೋಗಲಿಲ್ಲ. ಅಪ್ಪ ಊರಿಗೆ ಹೋಗಿ ಒಂದು ವರ್ಷವಾದ ಮೇಲೆ ತಂಗಿ ಫೋನಿನಲ್ಲಿ ನಗುತ್ತ ಹೇಳಿದಳು: ಅಪ್ಪ ಆ ಫೋಟೋಗೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದಾರಂತೆ, ಬಂದವರಿಗೆಲ್ಲ ಅಮೇರಿಕದ ಹಡಗಿನ ಬಾಯ್ಲರ್ ಪಾಸು ಮಾಡಿದವನು ನಾನೇ ಎಂದು ಹೇಳುತ್ತಾರಂತೆ. ಫೈರ್‌ಮನ್‌ನ ಮನೆಯವರನ್ನು ಯಾರಾದರೂ ಹುಡುಕಿದರೇ ಎಂದು ಕೇಳಿದೆ. ಯಾವ ಫೈರ್‌ಮನ್ ಎಂದಳು ಅವಳು.